ಹೊಸ ಸಪ್ಲೈಯರ್ ಕೈಗೆ ಟ್ರೇ ಕೊಡುವ ಮುನ್ನ

ಹೋಟೆಲಿಗೆ ಸೇರಿದ ದಿನವೇ ಹುಡುಗನ ಕೈಗೆ ಟ್ರೇ ಕೊಟ್ಟು, ಬೆಳಗಿನ ಎಂಟೂವರೆಯ ಗದ್ದಲದೊಳಕ್ಕೆ ತಳ್ಳುತ್ತಾರೆ. ಎರಡು ತಿಂಗಳಿಗೆ ಅವನು ಚೀಲ ಎತ್ತಿಕೊಂಡು ಹೊರಟಾಗ "ಈಗಿನ ಹುಡುಗರು ನಿಲ್ಲುವುದಿಲ್ಲ" ಎನ್ನುತ್ತಾರೆ. ಇಂತಹ ಮಾಲೀಕರನ್ನು ಬಹಳ ಕಂಡಿದ್ದೇನೆ. ಕೆಲಸ ಕಲಿಸಿದರೆ ಹುಡುಗರು ನಿಲ್ಲುತ್ತಾರೆ. ಹತ್ತು ಹನ್ನೆರಡು ಟೇಬಲ್ ಇರುವ ಸಸ್ಯಾಹಾರಿ ಹೋಟೆಲಿಗೆ ಹದಿನೈದು ದಿನಗಳ ತರಬೇತಿ ಸಾಕು. ಮಧ್ಯಾಹ್ನದ ಊಟ ಮುಗಿದು ಸಂಜೆಯ ಕಾಫಿ ಶುರುವಾಗುವ ನಡುವೆ ಸಿಗುವ ಒಂದು ಗಂಟೆಯ ಬಿಡುವಿನಲ್ಲೇ ಅದು ಮುಗಿಯುತ್ತದೆ. ಹುಡುಗ ಎಂದು ಅಭ್ಯಾಸಬಲದಿಂದ ಬರೆಯುತ್ತಿದ್ದೇನೆ. ಹೆಣ್ಣುಮಕ್ಕಳಿಗೂ ಕ್ರಮ ಇದೇ.

ಸೇರಿಸಿಕೊಳ್ಳುವಾಗ

ವಯಸ್ಸಿನ ದಾಖಲೆ ನೋಡಿ. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲ್ ಕೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್‌ನಿಂದಲೇ ನಿಷಿದ್ಧ. ಆಹಾರ ಮುಟ್ಟುವ ಎಲ್ಲರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಇದು ಆಹಾರ ಸುರಕ್ಷತಾ ನಿಯಮ. ಸಂಬಳ, ಮಲಗುವ ಜಾಗ, ರಜೆ ಎಲ್ಲವನ್ನೂ ಮೊದಲೇ ಚೀಟಿಯಲ್ಲಿ ಬರೆದುಕೊಡಿ. ವಾರಕ್ಕೊಂದು ದಿನದ ರಜೆ ಮಾಲೀಕರ ಉಪಕಾರವಲ್ಲ, ಕಾನೂನು ಕೊಟ್ಟ ಹಕ್ಕು.

ಮೊದಲ ದಿನ: ಗಿರಾಕಿಯ ಕುರ್ಚಿಯಲ್ಲಿ

ಅವನನ್ನು ಟೇಬಲ್ಲಿಗೆ ಕೂರಿಸಿ ತಿನ್ನಲು ಕೊಡಿ. ಇಡ್ಲಿ, ವಡೆ, ಮಸಾಲೆ ದೋಸೆ, ಕೊನೆಗೆ ಕಾಫಿ. ನೀರು ಬರಲು ಎಷ್ಟು ಹೊತ್ತಾಯಿತು, ಎರಡನೆಯ ಸಲ ಚಟ್ನಿ ಬೇಕೆಂದಾಗ ಯಾರಾದರೂ ತಿರುಗಿ ನೋಡಿದರೇ ಎಂದು ಆಮೇಲೆ ಕೇಳಿ. ಕಾಯುವವನ ಸಂಕಟ ಕಾದವನಿಗೇ ಗೊತ್ತಾಗುವುದು. ರುಚಿ ಗೊತ್ತಿಲ್ಲದವನು "ಇವತ್ತು ಏನು ಚೆನ್ನಾಗಿದೆ?" ಎಂಬ ಪ್ರಶ್ನೆಗೆ ಗೋಡೆಯ ಮೇಲಿನ ಪಟ್ಟಿ ತೋರಿಸುತ್ತಾನೆ. ಯಾವ ತಿಂಡಿಗೆ ಈರುಳ್ಳಿ, ಬೆಳ್ಳುಳ್ಳಿ ಬೀಳುತ್ತದೆ, ಯಾವುದಕ್ಕೆ ಶೇಂಗಾ ಅಥವಾ ಗೋಡಂಬಿ ಹಾಕುತ್ತಾರೆ ಎಂಬುದನ್ನು ಅಂದೇ ಭಟ್ಟರ ಬಾಯಿಂದ ಕೇಳಿ ಬರೆದುಕೊಳ್ಳಲಿ. ಈರುಳ್ಳಿ ಮುಟ್ಟದವರಿರುತ್ತಾರೆ, ಶೇಂಗಾ ತಿಂದರೆ ಉಸಿರು ಕಟ್ಟುವವರಿರುತ್ತಾರೆ. ಇವರ ಮುಂದೆ ಅಂದಾಜಿನ ಉತ್ತರ ನಡೆಯುವುದಿಲ್ಲ.

ಎರಡರಿಂದ ನಾಲ್ಕನೆಯ ದಿನ: ಕೈ, ಲೋಟ, ಬಟ್ಟೆ

ನಾಲ್ಕು ಲೋಟಗಳೊಳಗೆ ನಾಲ್ಕು ಬೆರಳು ಅದ್ದಿ ನೀರು ತರುವ ದೃಶ್ಯವನ್ನು ನೋಡದ ಕನ್ನಡಿಗರಿಲ್ಲ. ಇದನ್ನು ಬೈದು ಬಿಡಿಸಲಾಗದು. ಲೋಟವನ್ನು ಬುಡದಲ್ಲಿ ಹಿಡಿಯುವುದನ್ನು, ಟ್ರೇಯಲ್ಲಿ ತರುವುದನ್ನು ನೂರು ಸಲ ಮಾಡಿಸಬೇಕು. ಸಾಬೂನು ಹಚ್ಚಿ ಕನಿಷ್ಠ 20 ಸೆಕೆಂಡ್ ಕೈ ಉಜ್ಜುವುದು, ಎಂಜಲು ತಟ್ಟೆ ಎತ್ತಿದ ಕೈಯಿಂದ ತಿಂಡಿ ತಟ್ಟೆ ಮುಟ್ಟದಿರುವುದು, ಟೇಬಲ್ ಒರೆಸಲು ಒಂದು, ಟ್ರೇ ಒರೆಸಲು ಇನ್ನೊಂದು ಬಣ್ಣದ ಬಟ್ಟೆ ಇಟ್ಟುಕೊಳ್ಳುವುದು. ಹಳೆಯ ಬಟ್ಟೆಯ ವಾಸನೆ ಟೇಬಲ್ಲಿಗೆ ಹತ್ತಿದರೆ ತುಪ್ಪದ ದೋಸೆಯೂ ಅದನ್ನು ಮುಚ್ಚಲಾರದು.

ಬಿಸಿಯಾಗಿಡಬೇಕಾದ ಸಾಂಬಾರು, ಪಲ್ಯ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು. ಫ್ರಿಜ್‌ನಲ್ಲಿಡುವ ಹಾಲು, ಮೊಸರು 5 ಡಿಗ್ರಿ ದಾಟಬಾರದು. ತೆಂಗಿನಕಾಯಿ ಚಟ್ನಿಯನ್ನು ಸ್ವಲ್ಪ ಸ್ವಲ್ಪವೇ ರುಬ್ಬಿಸಿ, ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. 25 ಕೆಲಸಗಾರರಿಗೆ ಒಬ್ಬರಂತೆ ಆಹಾರ ಸುರಕ್ಷತಾ ಪ್ರಾಧಿಕಾರದ ಫಾಸ್ಟ್ಯಾಕ್ (FoSTaC) ತರಬೇತಿ ಪಡೆದವರು ಇರಬೇಕು. ಆ ಒಬ್ಬರು ಮಾಲೀಕರೇ ಆದರೆ ಇನ್ನೂ ಒಳ್ಳೆಯದು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿ ಬಂದರು. ಬಂದವರೇ ಪಾತ್ರೆ, ಲೋಟಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಪದ್ಧತಿ ತಂದರು. ಕಲಿಯುವ ಸರದಿಯಲ್ಲಿ ಅವರು ತಮ್ಮನ್ನೇ ಮೊದಲು ನಿಲ್ಲಿಸಿಕೊಂಡರು.

ಐದರಿಂದ ಒಂಬತ್ತನೆಯ ದಿನ: ಟ್ರೇ ಮತ್ತು ಮಾತು

ನಾನು ಕೆಲಸಕ್ಕೆ ಸೇರಿದ ಮೂರನೆಯ ದಿನ ಆರು ಕಾಫಿ ಇದ್ದ ಟ್ರೇಯನ್ನು ನೆಲಕ್ಕೆ ಹಾಕಿದೆ. ತುಂಬಿದ ಹಾಲ್‌ನಲ್ಲಿ ಎಲ್ಲರೆದುರು ಬೈಗುಳ ಬಿತ್ತು, ಸಂಬಳದಲ್ಲಿ ದುಡ್ಡು ಮುರಿದರು. ಮರುದಿನ ಭಯದಿಂದ ಕೈ ನಡುಗಿ ಇನ್ನಷ್ಟು ಚೆಲ್ಲಿದೆ. ಅಲ್ಲಿದ್ದ ಹಿರಿಯ ಸಪ್ಲೈಯರ್ ಒಬ್ಬರು ಮಧ್ಯಾಹ್ನ ಕರೆದು, ಟ್ರೇ ತುಂಬ ನೀರು ತುಂಬಿದ ಲೋಟಗಳನ್ನಿಟ್ಟು, ಖಾಲಿ ಟೇಬಲ್‌ಗಳ ನಡುವೆ ನಡೆ ಎಂದರು. "ಲೋಟ ನೋಡಬೇಡ, ದಾರಿ ನೋಡು" ಎಂದರು. ನಾಲ್ಕು ಮಧ್ಯಾಹ್ನಗಳಲ್ಲಿ ಕೈ ಕುದುರಿತು. ಇಂದಿಗೂ ಹೊಸಬರಿಗೆ ನಾನು ಹೇಳಿಕೊಡುವುದು ಇದನ್ನೇ: ಮೊದಲು ನೀರು, ಆಮೇಲೆ ಬಿಸಿನೀರು, ಕೊನೆಗೆ ಕಾಫಿ. ತಪ್ಪಾದರೆ ಅಡುಗೆಮನೆಯ ಹಿಂದೆ ಕರೆದು ಹೇಳಿ. ಗಿರಾಕಿಯ ಮುಂದೆ ಒಂದು ಮಾತೂ ಬೇಡ.

ಅಸ್ಸಾಂ, ಒಡಿಶಾ, ಬಿಹಾರದಿಂದ ಬಂದ ಹುಡುಗರು ಈಗ ನಮ್ಮ ಹೋಟೆಲುಗಳ ಬೆನ್ನೆಲುಬು. ಅವರಿಗೆ ಕನ್ನಡ ಕಲಿಸುವುದು ನಮ್ಮ ಹೊಣೆ. ದಿನಕ್ಕೆ ಐದು ಮಾತು ಸಾಕು. "ಬನ್ನಿ, ಏನು ಕೊಡಲಿ?", "ದೋಸೆಗೆ ಹತ್ತು ನಿಮಿಷ ಆಗುತ್ತದೆ", "ಇಡ್ಲಿ ಖಾಲಿಯಾಗಿದೆ, ಖಾರಾಬಾತ್ ಬಿಸಿ ಇದೆ". ಅವರವರ ಲಿಪಿಯಲ್ಲೇ ಬರೆದುಕೊಳ್ಳಲಿ. ಉಚ್ಚಾರಣೆಗೆ ನಗುವವರನ್ನು ಅಲ್ಲೇ ತಡೆಯಿರಿ. ನಕ್ಕರೆ ಅವನು ಮತ್ತೆ ಬಾಯಿ ತೆರೆಯುವುದಿಲ್ಲ.

ಹತ್ತರಿಂದ ಹದಿನೈದು: ಒಂದು ಟೇಬಲ್, ಎರಡು ಟೇಬಲ್

ಅನುಭವಿ ಸಪ್ಲೈಯರ್ ಜೊತೆ ಬಿಡಿ. ಕಲಿಸುವ ಆ ಹಿರಿಯರಿಗೆ ತಿಂಗಳ ಕೊನೆಗೆ ಹೆಚ್ಚುವರಿ ಹಣ ಕೊಡಿ, ಇಲ್ಲದಿದ್ದರೆ ಕಲಿಸುವುದು ಹೊರೆಯಾಗುತ್ತದೆ. ಮೊದಲ ಮೂರು ದಿನ ಒಂದೇ ಟೇಬಲ್. ಗೋಡೆಯ ಕಡೆಯ ಕುರ್ಚಿಯಿಂದ ಶುರುಮಾಡಿ ಬಲಕ್ಕೆ ಸುತ್ತುತ್ತಾ ಆರ್ಡರ್ ಕೇಳಲಿ, ಕೊನೆಗೆ ಎಲ್ಲವನ್ನೂ ಒಮ್ಮೆ ಹೇಳಿ ಒಪ್ಪಿಸಲಿ. ಆಗ ಈರುಳ್ಳಿ ದೋಸೆ ಯಾರಿಗೆ ಎಂದು ಟೇಬಲ್ ಮುಂದೆ ನಿಂತು ಕೂಗುವ ಪ್ರಮೇಯ ಬರುವುದಿಲ್ಲ.

ಆಮೇಲೆ

ಹೆಚ್ಚಿನ ಮಾಲೀಕರು ಕೈಬಿಡುವುದು ಇಲ್ಲಿ. ಸಪ್ಲೈಯರ್ ಆದವನನ್ನು ಹತ್ತು ವರ್ಷ ಸಪ್ಲೈಯರ್ ಆಗಿಯೇ ಉಳಿಸುತ್ತಾರೆ. ಆರು ತಿಂಗಳಿಗೊಮ್ಮೆ ಕೂರಿಸಿ, ಮುಂದೆ ಏನು ಕಲಿಯಬೇಕೆಂದಿದ್ದೀಯ ಎಂದು ಕೇಳಿ. ಗಲ್ಲಾದ ಲೆಕ್ಕ, ಸಾಮಾನು ಖರೀದಿ, ಕಾವಲಿ, ಯಾವುದಾದರೂ ಆಗಬಹುದು. ಭಟ್ಟರು ಅಳತೆ ಬಿಟ್ಟುಕೊಡುವುದಿಲ್ಲ ಎಂಬುದು ಹಳೆಯ ದೂರು. ಅವರಿಗೆ ಕಲಿಸುವ ಗೌರವ, ಸಂಬಳ ಎರಡನ್ನೂ ಕೊಟ್ಟು ನೋಡಿ, ಅಕ್ಕಿ ಉದ್ದಿನ ಪ್ರಮಾಣವನ್ನು ಅವರೇ ಬರೆಸುತ್ತಾರೆ. ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಉಡುಪಿ ಸೀಮೆಯ ಕೆ. ಕೃಷ್ಣರಾಯರೂ ಆರಂಭಿಸಿದ್ದು ಅಡುಗೆಮನೆಯ ಕೈಕೆಲಸದಿಂದ.

ಓದು ನಿಂತವರನ್ನು ಮತ್ತೆ ಓದಿಸಿ. ಕರಾವಳಿಯಿಂದ ಮುಂಬೈಗೆ ಹೋಗಿ ಹಗಲು ಹೋಟೆಲಿನಲ್ಲಿ ದುಡಿದ ಎಷ್ಟೋ ಹುಡುಗರು ಅಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದರು. ಈಗ ಹತ್ತನೆಯ ತರಗತಿಯನ್ನು ಮುಕ್ತ ಶಾಲೆಯ ಮೂಲಕ ಕಟ್ಟಬಹುದು. ಅರ್ಜಿಯ ಹಣ ಹೋಟೆಲಿನದ್ದಾಗಲಿ. ಪರೀಕ್ಷೆಯ ವಾರ ಅವನಿಗೆ ಬೆಳಗಿನ ಪಾಳಿ ಹಾಕಬೇಡಿ.