ಉಪ್ಪುನೀರಿನ ತೊಟ್ಟಿಗೆ ಹೊಂದುವ ಮೀನುಗಳನ್ನು ಆರಿಸುವುದು ಹೇಗೆ

ಉಪ್ಪುನೀರಿನ ತೊಟ್ಟಿಗೆ ಮೊದಲ ಮೀನನ್ನು ತರುವ ಮುನ್ನವೇ ಕೊನೆಯ ಮೀನು ಯಾವುದೆಂದು ತೀರ್ಮಾನಿಸಿಕೊಂಡಿರಬೇಕು. ಕಡಲಿನಲ್ಲಿ ಜಗಳ ಸೋತ ಮೀನು ಹತ್ತಿಪ್ಪತ್ತು ಮೀಟರು ದೂರ ಈಜಿ ಇನ್ನೊಂದು ಬಂಡೆಯ ಸಂದಿಯನ್ನು ಹುಡುಕಿಕೊಳ್ಳುತ್ತದೆ; ಮೂರಡಿಯ ಗಾಜಿನ ತೊಟ್ಟಿಯಲ್ಲಿ ಅದಕ್ಕೆ ಓಡಲು ಜಾಗವೇ ಇರುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ಬಣ್ಣವನ್ನು ನೋಡಿ ಒಂದೊಂದಾಗಿ ಕೊಳ್ಳುತ್ತ ಹೋಗದೆ, ಪೂರ್ತಿ ಪಟ್ಟಿಯನ್ನೂ ಅದರಲ್ಲಿ ಯಾವುದು ಯಾವಾಗ ಒಳಗೆ ಬರಬೇಕೆಂಬ ಕ್ರಮವನ್ನೂ ಮನೆಯಲ್ಲಿಯೇ ಕುಳಿತು ಬರೆದುಕೊಳ್ಳುವುದು ಲೇಸು.

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಮೊದಲ ತೊಟ್ಟಿಯನ್ನು ಇಟ್ಟಾಗ ನಾನು ಈ ಕ್ರಮವನ್ನು ತಲೆಕೆಳಗು ಮಾಡಿದ್ದೆ. "ನೀರು ಪಕ್ವ ಆಗಬೇಕಂದ್ರ ಮೊದಲ ಎರಡು ಡ್ಯಾಮ್ಸೆಲ್ ಬಿಡ್ರಿ, ಅವು ಗಟ್ಟಿ ಮೀನರಿ, ಏನೂ ಆಗಂಗಿಲ್ಲ" ಎಂಬ ಸಲಹೆಯನ್ನು ನಂಬಿ ಎರಡು ನೀಲಿ ಡ್ಯಾಮ್ಸೆಲ್‌ಗಳನ್ನು ಬಿಟ್ಟೆ. ಅವು ಗಟ್ಟಿಯೇನೋ ಹೌದು. ಆದರೆ ಒಂದು ತಿಂಗಳೊಳಗೆ ಒಂದು ಇನ್ನೊಂದನ್ನು ಕೊಂದಿತು, ಉಳಿದದ್ದು ಇಡೀ ತೊಟ್ಟಿಯನ್ನು ತನ್ನದೆಂದು ಬಗೆಯಿತು. ಅನಂತರ ತಂದ ಫೈರ್‌ಫಿಶ್ ಎರಡು ದಿನ ಫಿಲ್ಟರಿನ ಹಿಂದಿನ ಮೂಲೆಯಲ್ಲಿ, ಬೆನ್ನಿನ ಮೇಲಿನ ಬಿಳಿಯ ನೀಳ ಎಳೆಯನ್ನು ಮಡಚಿಕೊಂಡು ನಿಂತಿತ್ತು. ಆಹಾರ ಹಾಕಿದಾಗ ಒಂದು ಗೇಣು ಮುಂದೆ ಬರುತ್ತಿತ್ತು, ಡ್ಯಾಮ್ಸೆಲ್ ತಿರುಗಿದೊಡನೆ ಮತ್ತೆ ಮೂಲೆ ಸೇರುತ್ತಿತ್ತು. ಮೂರನೆಯ ನಸುಕಿನಲ್ಲಿ ಅದು ತೊಟ್ಟಿಯ ಹಿಂದೆ ನೆಲದ ಮೇಲೆ ಒಣಗಿ ಬಿದ್ದಿತ್ತು. ನೀರಿನ ಪರೀಕ್ಷೆಯಲ್ಲಿ ಯಾವ ದೋಷವೂ ಕಾಣಲಿಲ್ಲ. ದೋಷವಿದ್ದದ್ದು ಮೀನುಗಳನ್ನು ಬಿಟ್ಟ ಕ್ರಮದಲ್ಲಿ.

ನೀರನ್ನು ಪಕ್ವಗೊಳಿಸಲು, ಎಂದರೆ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಗೊಳ್ಳುವಂತೆ ಮಾಡಲು, ಜೀವಂತ ಮೀನು ಬೇಕಾಗಿಯೇ ಇಲ್ಲ. ಪ್ರತಿದಿನ ಚಿಟಿಕೆಯಷ್ಟು ಆಹಾರವನ್ನು ಖಾಲಿ ತೊಟ್ಟಿಗೆ ಹಾಕುತ್ತಿದ್ದರೆ ಅದು ಕೊಳೆತು ಅಮೋನಿಯಾ ಉಂಟಾಗುತ್ತದೆ; ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ ಇನ್ನೊಂದು ಬಗೆಯದು ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಕಾಯಬೇಕು.

ಪಟ್ಟಿಯ ಮೊದಲ ಲೆಕ್ಕ ಜಾಗದ್ದು. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರು ದೊರೆಯುತ್ತದೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ತೊಟ್ಟಿ ಸುಮಾರು 190 ಲೀಟರು ಹಿಡಿಯುತ್ತದೆ. ಕಲ್ಲು, ಮರಳು ಮತ್ತು ಮೇಲೆ ಬಿಡುವ ಅಂತರವನ್ನು ಕಳೆದರೆ ನೀರು 150ರ ಆಸುಪಾಸಿಗೆ ಬರುತ್ತದೆ. ಇಷ್ಟರಲ್ಲಿ ನಾಲ್ಕೈದು ಚಿಕ್ಕ ಮೀನುಗಳು ನೆಮ್ಮದಿಯಾಗಿರುತ್ತವೆ, ಅದಕ್ಕಿಂತ ಹೆಚ್ಚು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಭಾಗದಲ್ಲಿ ಹೀಗೆ ಬಿಗಿ ಹಿಡಿಯಲು ವಿಶೇಷ ಕಾರಣವಿದೆ. ಕಡಲ ಮೀನುಗಳಿಗೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತ. ಏಪ್ರಿಲ್-ಮೇ ತಿಂಗಳಲ್ಲಿ ಹುಬ್ಬಳ್ಳಿ, ಗದಗಗಳ ಬಿಸಿಲಿಗೆ ಮುಚ್ಚಿದ ಕೋಣೆಯ ನೀರು 30ನ್ನು ದಾಟುವುದು ಸಹಜ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಕರೆಂಟ್ ಹೋದರೆ ಕಿಕ್ಕಿರಿದ ತೊಟ್ಟಿಯ ಮೀನುಗಳು ಮೊದಲು ಏದುಸಿರು ಬಿಡತೊಡಗುತ್ತವೆ. ಬ್ಯಾಟರಿಯ ಏರ್‌ಪಂಪ್ ಒಂದು ಮನೆಯಲ್ಲಿರಲಿ. ನೀರಿನ ಮೇಲ್ಮೈಗೆ ಫ್ಯಾನ್ ಹಿಡಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಆದರೆ ನೀರು ಆವಿಯಾಗಿ ಉಪ್ಪು ಹಿಂದೆ ಉಳಿಯುವುದರಿಂದ ಪ್ರತಿದಿನ ಉಪ್ಪಿಲ್ಲದ ಆರ್‌ಒ ನೀರನ್ನೇ ಸುರಿದು ಮಟ್ಟ ಸರಿಪಡಿಸಬೇಕು.

ನೀರಿನ ಬಗ್ಗೆ ಇಷ್ಟು ಸಾಕು: ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬೋರ್‌ವೆಲ್ ನೀರು ಗಡಸು, ಆದ್ದರಿಂದ ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಬೆರೆಸಿ, ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ) 1.025ಕ್ಕೆ ಬರುವಂತೆ ನೋಡಿಕೊಳ್ಳಬೇಕು. ಅಡುಗೆಯ ಉಪ್ಪು ನಡೆಯುವುದಿಲ್ಲ. ಅರಬೈಲು ಘಟ್ಟ ಇಳಿದು ಅಂಕೋಲೆಯಿಂದ ಕ್ಯಾನ್‌ಗಳಲ್ಲಿ ಕಡಲ ನೀರು ತರುವ ಯೋಚನೆ ಅನೇಕರಿಗೆ ಬರುತ್ತದೆ. ಮಳೆಗಾಲದಲ್ಲಂತೂ ಅದು ಬೇಡ. ನಮ್ಮ ಧಾರವಾಡದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿ, ಗಂಗಾವಳಿಯೆಂಬ ಹೆಸರಿನಲ್ಲಿ ಅದೇ ಕರಾವಳಿಯಲ್ಲಿ ಕಡಲನ್ನು ಸೇರುತ್ತದೆ, ಆ ದಿನಗಳಲ್ಲಿ ದಂಡೆಯ ನೀರು ಕೆಂಪಾಗಿ, ಉಪ್ಪು ಇಳಿದುಹೋಗಿರುತ್ತದೆ.

ಇನ್ನು ಮೀನಿನ ಮಾತು. ಪ್ರತಿಯೊಂದು ಮೀನಿನ ಬಗ್ಗೆಯೂ ನಾನು ಮೊದಲು ಕೇಳುವುದು ಅದು ಬೆಳೆದು ನಿಂತಾಗ ಎಷ್ಟು ದೊಡ್ಡದು, ಅದರ ಬಾಯಿ ಎಷ್ಟು ಅಗಲ ಎಂದು. ಅಂಗಡಿಯಲ್ಲಿ ಬೆರಳುದ್ದವಿರುವ ನೀಲಿ ಟ್ಯಾಂಗ್ 30 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ. ದಿನವಿಡೀ ಈಜುವ ಆ ಮೀನನ್ನು ಮೂರಡಿಯಲ್ಲಿ ಇಡುವುದು ಹಿಂಸೆ. ಲಯನ್‌ಫಿಶ್ ಯಾರೊಡನೆಯೂ ಜಗಳವಾಡುವುದಿಲ್ಲ, ಆದರೆ ಬಾಯೊಳಗೆ ಹಿಡಿಸುವ ಮೀನನ್ನೆಲ್ಲ ನುಂಗುತ್ತದೆ. ಅದರ ಮುಳ್ಳುಗಳಲ್ಲಿ ವಿಷವೂ ಇರುವುದರಿಂದ ಮಕ್ಕಳಿರುವ ಮನೆಗೆ ತಕ್ಕುದಲ್ಲ. ಟ್ರಿಗರ್‌ಫಿಶ್ ಇರುವಲ್ಲಿ ಸಿಗಡಿ, ಏಡಿಗಳು ಉಳಿಯುವುದು ಅಪರೂಪ.

ಅನಂತರದ ಪ್ರಶ್ನೆ, ಅದು ತೊಟ್ಟಿಯ ಯಾವ ಭಾಗವನ್ನು ತನ್ನದೆನ್ನುತ್ತದೆ ಎಂಬುದು. ಕಡಲ ಮೀನು ಹೆಚ್ಚಾಗಿ ಕಾದಾಡುವುದು ತನ್ನಂತೆಯೇ ಮೈಕಟ್ಟು, ಬಣ್ಣ, ಆಹಾರ ಇರುವುದರೊಡನೆ, ಏಕೆಂದರೆ ಅದೇ ಅದರ ನಿಜವಾದ ಎದುರಾಳಿ. ಆದ್ದರಿಂದ ಒಂದು ಮೀನು ಮರಳಿನ ಮೇಲೆ, ಒಂದು ಕಲ್ಲಿನ ಸಂದಿಯಲ್ಲಿ, ಇನ್ನೊಂದು ನಡುನೀರಿನಲ್ಲಿ ಇರುವಂತೆ ಆರಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಮೊದಲ ಸಲ ಸಾಕುವವರಿಗೆ ನಾನು ಸೂಚಿಸುವ ಕೂಟ ಹೀಗಿದೆ. ನಡುನೀರಿಗೆ ಒಸೆಲ್ಲಾರಿಸ್ ಕ್ಲೌನ್‌ಫಿಶ್‌ನ ಒಂದು ಜೋಡಿ. ಈ ಮೀನುಗಳು ಮೊದಲು ಗಂಡಾಗಿ ಬೆಳೆದು, ಗುಂಪಿನಲ್ಲಿ ಮೇಲುಗೈ ಪಡೆದದ್ದು ಮಾತ್ರ ಹೆಣ್ಣಾಗಿ ಮಾರ್ಪಡುತ್ತದೆ. ಆದ್ದರಿಂದ ಗಾತ್ರದಲ್ಲಿ ಸ್ಪಷ್ಟ ವ್ಯತ್ಯಾಸವಿರುವ ಎರಡು ಎಳೆಯ ಮೀನುಗಳನ್ನು ಕೊಂಡರೆ ದೊಡ್ಡದು ಹೆಣ್ಣಾಗಿ ಜೋಡಿ ತಾನಾಗಿಯೇ ಕೂಡುತ್ತದೆ. ಬಲಿತ ಎರಡು ಹೆಣ್ಣುಗಳನ್ನು ಕೂಡಿಸಿದರೆ ಒಂದು ಸಾಯುವವರೆಗೆ ಹೋರಾಟ ನಿಲ್ಲದು. ಮೂರನೆಯದನ್ನು ಸೇರಿಸಬಾರದು. ಕಡಲಿನಲ್ಲಿ ಅವು ಆಶ್ರಯ ಪಡೆಯುವ ಸಮುದ್ರಹೂವು (ಅನಿಮೋನ್) ಇಲ್ಲದೆಯೂ ಅವು ಚೆನ್ನಾಗಿ ಬದುಕುತ್ತವೆ. ಅದೇ ಕುಟುಂಬದ ಮರೂನ್ ಕ್ಲೌನ್ ನೋಡಲು ಗಂಭೀರ, ಆದರೆ ಬಲು ಜಗಳಗಂಟಿ. ಈ ಕೂಟಕ್ಕೆ ಬೇಡ.

ಮರಳಿನ ಮೇಲೆ ಒಂದು ಹಳದಿ ವಾಚ್‌ಮನ್ ಗೋಬಿ, ಅದರೊಡನೆ ಒಂದು ಪಿಸ್ತೂಲು ಸಿಗಡಿ. ಇವೆರಡರ ಬಾಳ್ವೆಯನ್ನು ನೋಡಲೆಂದೇ ನಾನು ಎಷ್ಟೋ ಸಂಜೆಗಳನ್ನು ತೊಟ್ಟಿಯ ಮುಂದೆ ಕಳೆದಿದ್ದೇನೆ. ಸಿಗಡಿಗೆ ಕಣ್ಣು ಮಂದ. ಅದು ಬುಲ್ಡೋಜರಿನಂತೆ ಮರಳನ್ನು ತಳ್ಳಿ ಬಿಲ ತೋಡುತ್ತ, ಹೊರಗೆ ಬಂದಾಗಲೆಲ್ಲ ತನ್ನ ಉದ್ದ ಮೀಸೆಯ ತುದಿಯನ್ನು ಗೋಬಿಯ ಮೈಗೆ ತಾಗಿಸಿಯೇ ಇಟ್ಟಿರುತ್ತದೆ. ನಾನು ಗಾಜಿನ ಹತ್ತಿರ ಕೈ ತಂದರೆ ಗೋಬಿ ಬಾಲವನ್ನು ಒಮ್ಮೆ ಅದುರಿಸುತ್ತದೆ, ಮರುಕ್ಷಣ ಸಿಗಡಿ ಬಿಲದೊಳಗೆ.

ಕಲ್ಲಿನ ಬಳಿಗೆ ಒಂದೇ ಒಂದು ಫೈರ್‌ಫಿಶ್. ಒಂದು ಬಾಂಗ್ಗೈ ಕಾರ್ಡಿನಲ್ ಕೂಡ ಹೊಂದುತ್ತದೆ. ಕಾರ್ಡಿನಲ್‌ನ ಕಾಡು ಸಂತತಿ ಅಳಿವಿನಂಚಿನಲ್ಲಿರುವುದರಿಂದ ತೊಟ್ಟಿಯಲ್ಲಿ ಹುಟ್ಟಿದ ಮರಿಯನ್ನೇ ಕೇಳಿ ಕೊಳ್ಳಬೇಕು. ಕ್ಲೌನ್‌ಫಿಶ್‌ಗೂ ಈ ಮಾತು ಸಲ್ಲುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್‌ಫಿಶ್‌ಗಳ ಸಂತಾನೋತ್ಪತ್ತಿಯನ್ನು ನಮ್ಮ ದೇಶದಲ್ಲಿಯೇ ಸಾಧಿಸಿ ತೋರಿಸಿದೆ. ಸಾಕಿ ಬೆಳೆಸಿದ ಮರಿಗಳು ಒಣ ಆಹಾರಕ್ಕೆ ಒಗ್ಗಿರುತ್ತವೆ.

ಆಹಾರದ ಕಾರಣಕ್ಕೇ ಕೆಲವನ್ನು ಬಿಡಬೇಕಾಗುತ್ತದೆ. ಮ್ಯಾಂಡರಿನ್ ಮೀನು ಕಲ್ಲಿನ ಮೇಲಿನ ಸೂಕ್ಷ್ಮ ಜೀವಿಗಳನ್ನು ದಿನವಿಡೀ ಹೆಕ್ಕುತ್ತದೆ, ಹೊಸ ತೊಟ್ಟಿಯಲ್ಲಿ ಅವು ಮುಗಿದೊಡನೆ ಸೊರಗುತ್ತದೆ. ಮೂರಿಶ್ ಐಡಲ್, ಅನೇಕ ಬಟರ್‌ಫ್ಲೈ ಮೀನುಗಳು, ಕ್ಲೀನರ್ ರಾಸ್ ಇವೂ ಹೀಗೆಯೇ ಹಸಿವಿನಿಂದ ಸಾಯುತ್ತವೆ. ಕಡಲ್ಗುದುರೆಯನ್ನಾಗಲಿ ಗಟ್ಟಿ ಹವಳವನ್ನಾಗಲಿ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. 2001ರಿಂದ ಇವಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ಅಂಗಡಿಯಲ್ಲಿ ಮೀನು ತಿನ್ನುವುದನ್ನು ಕಣ್ಣಾರೆ ನೋಡಿಯೇ ಹಣ ಕೊಡಿ. ಹೊಟ್ಟೆ ಒಳಗೆ ಸೇದಿಕೊಂಡಿದ್ದರೆ, ಉಸಿರು ಬಿರುಸಾಗಿದ್ದರೆ, ಮೈಮೇಲೆ ರವೆಯಂಥ ಬಿಳಿಯ ಚುಕ್ಕೆಗಳಿದ್ದರೆ ಅಗ್ಗಕ್ಕೆ ಸಿಕ್ಕರೂ ಬೇಡ. ಮನೆಗೆ ತಂದ ಮೀನನ್ನು ನಾಲ್ಕು ವಾರ ಬೇರೆ ಚಿಕ್ಕ ತೊಟ್ಟಿಯಲ್ಲಿ ಇಡಬೇಕು. ಬಿಳಿಚುಕ್ಕೆ ರೋಗಕ್ಕೆ ಬಳಸುವ ತಾಮ್ರದ ಔಷಧಿ ಸಿಗಡಿಗಳನ್ನು ಕೊಲ್ಲುವುದರಿಂದ ಮುಖ್ಯ ತೊಟ್ಟಿಯಲ್ಲಿ ಅದನ್ನು ಹಾಕುವಂತಿಲ್ಲ.

ಒಳಗೆ ಬಿಡುವ ಕ್ರಮದಲ್ಲಿ ಸಾಧುಗಳು ಮೊದಲು, ಜೋರಿನವು ಕೊನೆಗೆ: ಫೈರ್‌ಫಿಶ್ ಮತ್ತು ಗೋಬಿ, ಆಮೇಲೆ ಕಾರ್ಡಿನಲ್, ಕಟ್ಟಕಡೆಗೆ ಕ್ಲೌನ್ ಜೋಡಿ. ಪ್ರತಿ ಹಂತಕ್ಕೂ ಎರಡು ಮೂರು ವಾರದ ಬಿಡುವಿರಲಿ. ಹೊಸ ಮೀನನ್ನು ಬಿಡುವ ಸಂಜೆ ಒಂದೆರಡು ಕಲ್ಲುಗಳನ್ನು ಜರುಗಿಸಿ, ಹಳೆಯವಕ್ಕೆ ಸ್ವಲ್ಪ ಆಹಾರ ಹಾಕಿ, ದೀಪ ಆರಿಸಿ ಬಿಡಬೇಕು. ಗಡಿ ಅಳಿಸಿಹೋದ ತೊಟ್ಟಿಯಲ್ಲಿ ಎಲ್ಲವೂ ಹೊಸದಾಗಿ ಜಾಗ ಹುಡುಕುವುದರಿಂದ ಹೊಸಬನ ಮೇಲೆ ಏರಿಹೋಗುವುದು ತಗ್ಗುತ್ತದೆ. ಮೇಲೆ ಸಣ್ಣ ಕಣ್ಣಿನ ಜಾಲರಿ ಬಿಗಿಯಾಗಿರಲೇಬೇಕು. ಮೊದಲ ಮೂರು ದಿನ ಆಹಾರದ ಹೊತ್ತಿಗೆ ಹತ್ತು ನಿಮಿಷ ಕುಳಿತು ನೋಡಿ: ಬೆನ್ನಟ್ಟುವುದು ಒಂದೆರಡು ದಿನದಲ್ಲಿ ನಿಂತರೆ ಚಿಂತೆಯಿಲ್ಲ, ರೆಕ್ಕೆ ಹರಿದಿದ್ದರೆ, ಅಥವಾ ಹೊಸ ಮೀನು ಆಹಾರಕ್ಕೂ ಮೂಲೆ ಬಿಟ್ಟು ಬಾರದಿದ್ದರೆ, ಆ ದಿನವೇ ಜಗಳಗಂಟಿಯನ್ನು ಹಿಡಿದು ಆ ಚಿಕ್ಕ ತೊಟ್ಟಿಗೆ ಹಾಕಿರಿ.