ಈಸ್ಟರ್ ಮೊಟ್ಟೆಗೆ ಬಣ್ಣದ ಕಿಟ್ ಕೊಳ್ಬೇಡಿ, ಈರುಳ್ಳಿ ಸಿಪ್ಪೆ ಎತ್ತಿಡಿ

ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಅಮೆರಿಕಕ್ಕೆ ಹೊಸದಾಗಿ ಬಂದಿರೋರು ಓದಿ. ಸೋಶಿಯಲ್ ಸೆಕ್ಯುರಿಟಿ ನಂಬರ್, ಡ್ರೈವಿಂಗ್ ಲೈಸೆನ್ಸ್, ಮಕ್ಕಳ ಲಸಿಕೆ ಕಾರ್ಡು ಇವೆಲ್ಲಾ ಆಫೀಸಿನೋರೇ ಹೇಳಿ ಮಾಡಿಸ್ತಾರೆ, ಬೇಗ ಮುಗಿಸ್ಕೊಳಿ. ಯಾರೂ ಹೇಳ್ಕೊಡದೇ ಇರೋದು ಮಗು ಬ್ಯಾಗಿಂದ ಬರೋ ಚೀಟಿ ಬಗ್ಗೆ, ಈಸ್ಟರ್‌ಗೆ ಅಂತ ಶುಕ್ರವಾರದೊಳಗೆ ಅಲಂಕಾರ ಮಾಡಿದ ಮೊಟ್ಟೆ ಕಳಿಸಿ ಅನ್ನೋದು.

ಈಸ್ಟರ್ ಅಂದ್ರೆ ಯೇಸು ಮತ್ತೆ ಎದ್ದು ಬಂದ ದಿನದ ಹಬ್ಬ. ಕೆಜಿಎಫ್‌ನೋರಿಗೆ ಇದು ಹೊಸದಲ್ಲ, ಗಣಿ ಕಾಲದಿಂದ ಚರ್ಚುಗಳ ಮಧ್ಯೆನೇ ಬೆಳೆದಿರ್ತಾರೆ. ಚಿಂತಾಮಣಿ, ಮುಳಬಾಗಿಲು, ಶಿಡ್ಲಘಟ್ಟ ಕಡೆಯ ನಮ್ಮಂಥೋರಿಗೆ ಗುಡ್ ಫ್ರೈಡೇ ಅಂದ್ರೆ ಸ್ಕೂಲಿಗೆ ರಜಾ, ಅಷ್ಟೇ ತಾನೇ ಗೊತ್ತಿದ್ದಿದ್ದು. ಈಸ್ಟರ್ ತಾರೀಖು ವರ್ಷಾವರ್ಷ ಬದಲಾಗತ್ತೆ, ಮಾರ್ಚ್ 21 ಅಥವಾ ಅದರ ಮೇಲೆ ಬರೋ ಮೊದಲ್ನೇ ಹುಣ್ಣಿಮೆ ಆದ್ಮೇಲಿನ ಭಾನುವಾರ ಅಂತ ಲೆಕ್ಕ, ಪಂಚಾಂಗ ನೋಡಿ ಬೆಳೆದೋರಿಗೆ ಇದೇನು ಕಷ್ಟದ ಲೆಕ್ಕ ಅಲ್ಲ ಬಿಡಿ.

ಮೊದಲು ಮನೇಲಿ ಮೊಟ್ಟೆ ತರಬಹುದಾ ಅನ್ನೋದು ಇತ್ಯರ್ಥ ಆಗ್ಬೇಕು. ಊರಿಂದ ಅತ್ತೆ ಬಂದು ಕೂತಿರೋ ಆರು ತಿಂಗಳಲ್ಲೇ ಈಸ್ಟರ್ ಬರೋದು, ಇದು ನಿಮಗೂ ಆಗತ್ತೆ ನೋಡ್ತಿರಿ. ಮೊಟ್ಟೆ ಬೇಡ ಅನ್ನೋ ಮನೆಯೋರು ಆಲೂಗಡ್ಡೆಗೆ ಬಣ್ಣ ಹಾಕಿ, ತಮಾಷೆಗೆ ಹೇಳ್ತಿಲ್ಲ. 2025ರ ಮಾರ್ಚ್‌ನಲ್ಲಿ ಹಕ್ಕಿಜ್ವರದಿಂದ ಇಲ್ಲಿ ಡಜನ್ ಮೊಟ್ಟೆ ಸರಾಸರಿ 6.23 ಡಾಲರ್‌ಗೆ ಏರಿತ್ತು, ಆವಾಗ ಈ ದೇಶದೋರೇ ಎಷ್ಟೋ ಜನ ಸಣ್ಣ ಆಲೂಗಡ್ಡೆಗೆ ಬಣ್ಣ ಬಳಿದು ಬುಟ್ಟಿಗೆ ಹಾಕಿದ್ರು. ಇಲ್ಲಾ ಅಂದ್ರೆ ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ನೀರು ಹಾಕಿ ಗಟ್ಟಿ ಕಲಸಿ ಮೊಟ್ಟೆ ಆಕಾರ ಮಾಡಿ ಒಣಗಿಸಿ. ಸ್ಕೂಲಲ್ಲಿ ಯಾರೂ ಬೇಡ ಅನ್ನಲ್ಲ, ಟೀಚರ್‌ಗೆ ಒಂದು ಮಾತು ಹೇಳಿದ್ರೆ ಸಾಕು, ನಾವೇ ನಾಚ್ಕೊಂಡು ಹೇಳಲ್ಲ ಅಷ್ಟೇ. ಸ್ಕೂಲಲ್ಲಿ ಹಂಚೋ ಮಾರ್ಷ್‌ಮ್ಯಾಲೋ ಅನ್ನೋ ಮೆತ್ತನೆ ಮಿಠಾಯಿಯಲ್ಲಿ ಮಾತ್ರ ಸಾಮಾನ್ಯವಾಗಿ ಜೆಲಟಿನ್ ಇರತ್ತೆ, ಅದು ಪ್ರಾಣಿ ಮೂಳೆ ಚರ್ಮದ್ದು, ಸಸ್ಯಾಹಾರಿಗಳು ಪ್ಯಾಕೆಟ್ ಹಿಂದೆ ಓದಿ.

ಮೊಟ್ಟೆ ತರ್ತೀರಿ ಅಂದ್ರೆ ಬಿಳೀದೇ ತನ್ನಿ. ಬಣ್ಣಕ್ಕೆ ಕಿಟ್ ಯಾಕೆ, ನಮ್ಮ ಮನೇಲಿ ದಿನಾ ಹುಳಿ, ಪಲ್ಯ, ಉಪ್ಸಾರು ಅಂತ ಎಷ್ಟು ಈರುಳ್ಳಿ ಹೆಚ್ತೀವಿ, ಆ ಸಿಪ್ಪೆನೆಲ್ಲಾ ಒಂದು ಕವರ್‌ನಲ್ಲಿ ಎತ್ತಿಡಿ. ಅದನ್ನ ಅರ್ಧ ಗಂಟೆ ನೀರಲ್ಲಿ ಕುದಿಸಿ, ಸ್ವಲ್ಪ ಬಿಳಿ ವಿನೆಗರ್ ಹಾಕಿದ್ರೆ ಇಟ್ಟಿಗೆ ಕೆಂಪು ಬಣ್ಣ ರೆಡಿ. ಈಗ ಒಂದು ಹಸಿ ಮೊಟ್ಟೆ ತಗೊಂಡು ಒದ್ದೆ ಮಾಡಿ, ಅದರ ಮೇಲೆ ಒಂದೇ ಒಂದು ಕೊತ್ತಂಬರಿ ಎಲೆ ಅಂಗಾತ ಅಂಟಿಸಿ, ಅಂಚು ಎಲ್ಲೂ ಮೇಲೇಳದ ಹಾಗೆ ಬೆರಳಲ್ಲಿ ಒತ್ತಿ, ಹಳೇ ನೈಲಾನ್ ಸ್ಟಾಕಿಂಗ್ ತುಂಡಲ್ಲಿ ಬಿಗಿಯಾಗಿ ಸುತ್ತಿ ದಾರ ಕಟ್ಟಿ ಆ ನೀರಲ್ಲಿ 12 ನಿಮಿಷ ಬೇಯಿಸಿ. ಆರಿದ್ಮೇಲೆ ಬಿಚ್ಚಿದ್ರೆ ಕೆಂಪು ಚಿಪ್ಪಿನ ಮೇಲೆ ಎಲೆಯ ಹಲ್ಲುಹಲ್ಲು ಅಂಚೆಲ್ಲಾ ಬೆಳ್ಳಗೆ ಮೂಡಿರತ್ತೆ. ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಹೊಳಪು ಬರತ್ತೆ.

ಅರಿಶಿನ ಹಳದಿಗೆ, ಬೀಟ್‌ರೂಟ್ ತಿಳಿ ಗುಲಾಬಿಗೆ. ಮಕ್ಕಳು ಬಾಯಿಬಿಟ್ಕೊಂಡು ನೋಡೋದು ನೇರಳೆ ಕೋಸಿನದ್ದು, ಅದನ್ನ ಕುದಿಸಿ ಸೋಸಿದ ನೇರಳೆ ನೀರಲ್ಲಿ ಬೇಯಿಸಿದ ಮೊಟ್ಟೆ ಹಾಕಿ ರಾತ್ರಿ ಫ್ರಿಜ್‌ನಲ್ಲಿಟ್ರೆ ಬೆಳಿಗ್ಗೆ ನೀಲಿ ಮೊಟ್ಟೆ. ಚಿಪ್ಪು ಅಂದ್ರೆ ಸುಣ್ಣದ ಜಾತಿ, ಕ್ಷಾರ, ಅದು ತಾಗಿ ಬಣ್ಣ ತಿರುಗತ್ತೆ. ಮಗಳು ಯಾಕೆ ಹಿಂಗೆ ಅಂದಾಗ ಆರತಿ ನೀರಲ್ಲಿ ಅರಿಶಿನಕ್ಕೆ ಸುಣ್ಣ ಬಿದ್ರೆ ಕೆಂಪಾಗಲ್ವಾ ಹಂಗೇ ಅಂದೆ. ಅವಳಿಗೆ ಗೊತ್ತೇ ಇಲ್ಲ. ಇಲ್ಲಿ ನಾವು ಆರತಿ ನೀರಿಗೆ ಕುಂಕುಮ ಕಲಸಿ ಮುಗಿಸ್ಬಿಡ್ತೀವಿ, ಸುಣ್ಣ ಯಾರು ಹುಡುಕ್ತಾರೆ. ಅವಳು ಹುಟ್ಟಿದಾಗಿಂದ ನೋಡಿರೋ ಆರತಿನೆಲ್ಲಾ ಅಂಥದ್ದೇ, ಇದು ನನಗೆ ಹೊಳೆದಿದ್ದು ಕೋಸಿನ ಪಾತ್ರೆ ಮುಂದೆ. ಇಂಡಿಯನ್ ಸ್ಟೋರಲ್ಲಿ ಎಲೆ ಅಡಿಕೆ ಪಕ್ಕ ಸುಣ್ಣದ ಡಬ್ಬಿ ಸಿಕ್ಕಿದ್ರೆ ಒಂದು ತಗೊಳಿ, ಈಸ್ಟರ್‌ಗಲ್ಲ.

ಈಗ ನನ್ನ ದಡ್ಡತನ, ನೀವು ಮಾಡ್ಬಾರ್ದು ಅಂತ ಹೇಳ್ತಿದೀನಿ. ಸಂಕ್ರಾಂತಿಗೆ ಊರಿಂದ ತಂದ ರಂಗೋಲಿ ಬಣ್ಣ ಡಬ್ಬಿಗಟ್ಲೆ ಇತ್ತಲ್ಲ, ದುಡ್ಡು ಉಳೀತು ಅಂತ ಅದನ್ನೇ ಕಲಸಿ ಮೊಟ್ಟೆಗೆ ಮೆತ್ತಿದೆ, ಏನು ಕಳೆ ಅಂತೀರಾ, ನಾನೇ ಬೀಗಿದ್ದೇ ಬೀಗಿದ್ದು. ಮಗ ಒಂದನ್ನ ಸುಲಿದು ಬಾಯಿಗಿಡೋಕ್ಕೆ ಹೋದಾಗ ಒಳಗಿನ ಬಿಳಿ ಭಾಗ ಪಿಂಕ್ ಆಗಿತ್ತು, ಕಿತ್ಕೊಂಡು ಎಲ್ಲಾ ಕಸಕ್ಕೆ. ಚಿಪ್ಪಿನಲ್ಲಿ ಸಾವಿರಾರು ಸಣ್ಣ ತೂತು ಇರತ್ತೆ ರೀ, ರಂಗೋಲಿ ಪುಡಿ ತಿನ್ನೋ ಬಣ್ಣ ಅಲ್ಲ. ತಿನ್ನೋ ಮೊಟ್ಟೆಗೆ ಅಡುಗೆಮನೆ ಬಣ್ಣ ಮಾತ್ರ. ಬೇಯಿಸಿದ ಮೊಟ್ಟೆ ಎರಡು ಗಂಟೆಗಿಂತ ಜಾಸ್ತಿ ಹೊರಗಿದ್ರೆ ತಿನ್ನಬೇಡಿ, ಫ್ರಿಜ್‌ನಲ್ಲಿದ್ರೆ ಒಂದು ವಾರ.

ಶಿಡ್ಲಘಟ್ಟದೋರಿಗೆ ಒಂದು ಸ್ಪೆಷಲ್. ಪ್ರಿಂಟ್ ಇರೋ ಅಪ್ಪಟ ರೇಷ್ಮೆ ಬಟ್ಟೆ, ಬಣ್ಣ ಬಿಡುತ್ತೆ ಅಂತ ಮೂಲೆಗೆ ಹಾಕಿರ್ತೀರಲ್ಲ ಅಂಥದ್ದು, ಅದರ ಪ್ರಿಂಟ್ ಕಡೆ ಹಸಿ ಮೊಟ್ಟೆಗೆ ತಾಗೋ ಹಾಗೆ ಸುತ್ತಿ, ಮೇಲೆ ಬಿಳಿ ಕಾಟನ್ ಬಟ್ಟೆ ಕಟ್ಟಿ, ವಿನೆಗರ್ ನೀರಲ್ಲಿ 20 ನಿಮಿಷ ಬೇಯಿಸಿ. ಬಟ್ಟೆಯ ಹೂ ಬಳ್ಳಿ ಚಿಪ್ಪಿಗೆ ಇಳಿದಿರತ್ತೆ. ಪಾಲಿಯೆಸ್ಟರ್‌ಗೆ ಇದು ಆಗಲ್ಲ, ರೇಷ್ಮೆ ಅಂತ ದುಡ್ಡು ಕೊಟ್ಟು ಮೋಸ ಹೋಗಿದ್ರೆ ಅದೂ ಗೊತ್ತಾಗತ್ತೆ! ಇದು ಬರೀ ಶೋಗೆ, ತಿನ್ನೋ ಹಾಗಿಲ್ಲ.

ಇನ್ನೊಂದು, ಮಕ್ಕಳ ಕೈಗೆ ಬಿಡಿ. ಚೀಟಿ ಬರೋದು ಮಗು ಹೆಸರಿಗೆ, ಆದ್ರೆ ಪಕ್ಕದ ಮನೆ ಕನ್ನಡದೋರು ಏನು ಮಾಡಿದ್ರು ಅಂತ ಫೋನ್ ಮಾಡಿ ಕೇಳಿ ರಾತ್ರಿ ಕೂತು ಮುತ್ತು ಜರಿ ಅಂಟಿಸೋರು ನಮ್ಮೋರೇ, ನಾನೂ ಸೇರಿ. ಮೇಣದ ಬಣ್ಣದ ಕಡ್ಡೀಲಿ ಮಗು ಏನೋ ಗೀಚ್ಲಿ, ಹೆಸರು ಕನ್ನಡದಲ್ಲಿ ಬರೀಲಿ, ಆಮೇಲೆ ಬಣ್ಣದ ನೀರಲ್ಲಿ ಅದ್ದಿ, ಮೇಣ ಇದ್ದ ಕಡೆ ಬಣ್ಣ ಹಿಡಿಯಲ್ಲ, ಅಕ್ಷರ ಎದ್ದು ಕಾಣತ್ತೆ. ನಮ್ಮ ಮನೇಲಿ ಮಗ ಕನ್ನಡ ಅಕ್ಷರ ಖುಷಿಯಾಗಿ ಬರೆಯೋದು ವರ್ಷಕ್ಕೆ ಈ ಒಂದು ದಿನ, ಅಜ್ಜಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸ್ತಾನೆ, ಅವರು ಮೊಟ್ಟೆ ನೋಡಿ ಮುಖ ಸಿಂಡರಿಸಿ ಅಕ್ಷರ ನೋಡಿ ನಗ್ತಾರೆ.

ಪ್ಲಾಸ್ಟಿಕ್ ಮೊಟ್ಟೆ, ಬುಟ್ಟಿ ಬೇಕೇ ಬೇಕು ಅಂದ್ರೆ ಹಬ್ಬ ಕಳೆದ ಸೋಮವಾರ ತಗೊಳಿ, ಎಷ್ಟೋ ಅಂಗಡೀಲಿ ಅರ್ಧ ಬೆಲೆಗೆ ಹಾಕಿರ್ತಾರೆ, ಮುಂದಿನ ವರ್ಷಕ್ಕೆ ಅಂತ ಗೊಂಬೆ ಡಬ್ಬದಲ್ಲೇ ಇಟ್ಬಿಡಿ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೇ ಬರತ್ತೆ, ಈರುಳ್ಳಿ ಸಿಪ್ಪೆ ಫೆಬ್ರವರಿಯಿಂದಲೇ ಶುರು ಮಾಡಿ.