ರೊಟ್ಟಿ ಊಟದ ಸುತ್ತ ಕಟ್ಟಿದ ಗದಗ ಟ್ರಿಪ್: ನನ್ನ ಅನುಭವ

ನಮ್ಮಂಥ ಟ್ರಿಪ್ ನಡೆಸುವವರಿಗೆ ಹುಬ್ಬಳ್ಳಿಯಿಂದ ಶನಿವಾರ, ಭಾನುವಾರ ಗಾಡಿ ತುಂಬಬೇಕು ಅಂದರೆ ಗೋವಾ, ದಾಂಡೇಲಿ, ಇಲ್ಲವೇ ಜೋಗ. ನಾನು ಗದಗ ಅಂದಾಗ ಟಿಟಿ (ಟೆಂಪೋ ಟ್ರಾವೆಲರ್) ಓಡಿಸುವ ಗೆಳೆಯ ಕೇಳಿದ್ದು ಒಂದೇ ಮಾತು. "ಅಲ್ಲೋ, ಮನ್ಯಾಗ ಸಿಗೋ ರೊಟ್ಟಿಗೆ ಯಾರು ರೊಕ್ಕ ಕೊಡ್ತಾರೋ?" ಹೋದ ಚಳಿಗಾಲದಲ್ಲಿ ಆ ರೊಟ್ಟಿಗಾಗಿಯೇ 14 ಟ್ರಿಪ್ ಹೋಯಿತು. ಅದರಲ್ಲಿ 11 ಸಲವೋ 12 ಸಲವೋ ಒಂದು ಸೀಟೂ ಖಾಲಿ ಉಳಿಯಲಿಲ್ಲ. ಈಗ ಅದೇ ಗೆಳೆಯನೇ ನನ್ನ ಗಾಡಿ ಓಡಿಸುತ್ತಾನೆ.

ಮೊದಲನೇ ಟ್ರಿಪ್ ನೆಲಕಚ್ಚಿತ್ತು. ಒಂಬತ್ತು ಜಾಗ ಇಟ್ಟಿದ್ದೆ: ಅಣ್ಣಿಗೇರಿಯ ಅಮೃತೇಶ್ವರ, ಗದಗಿನ ತ್ರಿಕೂಟೇಶ್ವರ, ವೀರನಾರಾಯಣ, ಲಕ್ಕುಂಡಿಯಲ್ಲೇ ನಾಲ್ಕು ಗುಡಿ, ಡಂಬಳದ ದೊಡ್ಡಬಸಪ್ಪ, ಕೊನೆಗೆ ಶಿರಹಟ್ಟಿ ಕಡೆಯ, ಚಳಿಗಾಲದ ಹಕ್ಕಿಗಳ ಮಾಗಡಿ ಕೆರೆ. ಅದೂ ಏಪ್ರಿಲ್‌ನಲ್ಲಿ! ಲಕ್ಕುಂಡಿಯ ಹಾಸುಗಲ್ಲು ಕಾದ ಹಂಚಾಗಿತ್ತು. ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ಇಟ್ಟವರು ಓಡಿ ಬಂದು ನೆರಳಿಗೆ ನಿಂತರು. ಊಟಕ್ಕೆ ಮೂರೂವರೆ ಆಯಿತು, ಅದೂ ರಸ್ತೆ ಬದಿಯ ಹೋಟೆಲ್‌ನಲ್ಲಿ ಫ್ರೈಡ್ ರೈಸ್. ಮಾಗಡಿಗೆ ಹೋದರೆ ಹಕ್ಕಿಗಳು ಯಾವಾಗಲೋ ಹೊರಟುಹೋಗಿದ್ದವು. ಬಂದವರು 7 ಜನ, ತಲೆಗೆ 700 ರೂಪಾಯಿ. ಬಾಡಿಗೆ, ಡ್ರೈವರ್ ಬಾಟಾ, ಟೋಲ್ ಸೇರಿ 5,500. ಊಟ, ಚಹಾಕ್ಕೆ 1,400. ಕೈಯಿಂದ 2,000 ಹೋಯಿತು. ಒಬ್ಬ ಹಿರಿಯರು ಇಳಿಯುವಾಗ, "ಗುಡಿ ಭಾಳ ಚಲೋ ಇದ್ವು ತಮ್ಮಾ, ಆದರ ಹೊಟ್ಟಿ ಹಸದಾಗ ಯಾವ ಗುಡಿನೂ ಕಾಣಂಗಿಲ್ಲ" ಅಂದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆಮೇಲೆ ಲೆಕ್ಕ ಉಲ್ಟಾ ಹಾಕಿದೆ. ಮೊದಲು ಊಟದ ಹೊತ್ತು ಮತ್ತು ಮನೆ ಗಟ್ಟಿ ಮಾಡುವುದು. ಅದಕ್ಕೆ ಹೊಂದಿಸಿ ಮೂರೇ ಜಾಗ ಇಡುವುದು. ದಿನಕ್ಕೆ ಮೂರು ಜಾಗ ಅಂದರೆ ಯಾರು ಬರುತ್ತಾರೆ ಅಂತ ನಮ್ಮ ಧಂದೆಯವರು ತಲೆ ಅಲ್ಲಾಡಿಸಿದರು. ಬರುತ್ತಾರೆ ಕಣ್ರೀ. ಹುಬ್ಬಳ್ಳಿ-ಧಾರವಾಡದ ಅಪಾರ್ಟ್‌ಮೆಂಟ್‌ನವರು, ರಜೆಗೆ ಬೆಂಗಳೂರಿನಿಂದ ಬಂದ ಮಕ್ಕಳು. ಇವರ ಮನೆಯಲ್ಲೂ ರೊಟ್ಟಿ ಇದೆ, ಆದರೆ ಅದು ಅಂಗಡಿಯಿಂದ ತಂದ ಕಟಕ್ ರೊಟ್ಟಿ. ಒಲೆ ಮುಂದೆ ಕೂತು, ಬಡಿದ ಬಿಸಿ ರೊಟ್ಟಿ ಹಂಚಿನಿಂದ ನೇರ ತಾಟಿಗೆ ಬಿದ್ದು ಎಷ್ಟೋ ವರ್ಷ ಆಗಿರುತ್ತದೆ.

ಈಗಿನ ಸುತ್ತು ಹೀಗಿದೆ. ಬೆಳಗ್ಗೆ 6ಕ್ಕೆ ಹುಬ್ಬಳ್ಳಿ ಬಿಟ್ಟು ಲಕ್ಷ್ಮೇಶ್ವರ. ಸೋಮೇಶ್ವರ ಗುಡಿಯಲ್ಲಿ ಅರ್ಧ-ಮುಕ್ಕಾಲು ತಾಸು. ನಂದಿಯ ಮೇಲೆ ಕೂತ ಶಿವ-ಪಾರ್ವತಿಯರನ್ನು ತೋರಿಸುತ್ತೇನೆ. ಇದೇ ಪಂಪ ಹೇಳುವ ಪುಲಿಗೆರೆ ಅನ್ನುತ್ತೇನೆ, ಅಷ್ಟೇ. ಅಲ್ಲಿಂದ ಮಾಗಡಿ ಕೆರೆ, ಆಮೇಲೆ ಊಟ, ಸಂಜೆಗೆ ಲಕ್ಕುಂಡಿ. ವಾಪಸ್ ಬರುವಾಗ ಗದಗಿನಲ್ಲಿ ಮಿರ್ಚಿ, ಗಿರ್ಮಿಟ್. ಎಂಟೂವರೆಗೆ ಹುಬ್ಬಳ್ಳಿ. ಒಟ್ಟು 170-180 ಕಿಲೋಮೀಟರ್ ಆಗಬಹುದು.

ಮಾಗಡಿ ಕಲಿಸಿದ ಪಾಠ ದೊಡ್ಡದು. ಹಕ್ಕಿ ಅಂದರೆ ಸೂರ್ಯೋದಯ ಅಂತ ನಾನೂ ನಂಬಿದ್ದೆ. ಒಮ್ಮೆ ಎಲ್ಲರನ್ನೂ ನಾಲ್ಕಕ್ಕೆ ಎಬ್ಬಿಸಿ, ಕತ್ತಲಲ್ಲೇ ಕರೆದುಕೊಂಡು ಹೋಗಿ ದಂಡೆ ಮೇಲೆ ನಿಲ್ಲಿಸಿದೆ. ಕೆರೆ ಬಹುತೇಕ ಖಾಲಿ. ಚಳಿಯಲ್ಲಿ ಮಕ್ಕಳು ಅಳುತ್ತಿದ್ದವು. ಬೇಜಾರಾಗಿ ಶಿರಹಟ್ಟಿಗೆ ಹೋಗಿ ಚಹಾ ಕುಡಿದು, ಫಕೀರೇಶ್ವರ ಮಠ ನೋಡಿಕೊಂಡು ಹತ್ತರ ಸುಮಾರಿಗೆ ಅದೇ ದಾರಿಯಲ್ಲಿ ಬಂದರೆ ನೀರಿನ ತುಂಬ ಪಟ್ಟೆತಲೆ ಹೆಬ್ಬಾತು! ಹೊಲಗಳಲ್ಲಿ ಮೇದು, ಬಿಸಿಲೇರಿದ ಮೇಲೆ ಸಾಲು ಸಾಲಾಗಿ ಬಂದು ಇಳಿಯುತ್ತಿದ್ದವು. ಹಿಮಾಲಯ ದಾಟಿ ಬರುವ ಹಕ್ಕಿಗಳು ನಮ್ಮ ಎರೆ ಹೊಲದ ಪಕ್ಕ ಕೂತಿರುವುದನ್ನು ನೋಡಿದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ಅವತ್ತಿನಿಂದ ನಾನು ಒಂಬತ್ತೂವರೆಗಿಂತ ಮೊದಲು ಕೆರೆಗೆ ಕಾಲಿಡುವುದಿಲ್ಲ. ನವೆಂಬರ್ ಕೊನೆಯಿಂದ ಫೆಬ್ರವರಿ ಮುಗಿಯುವವರೆಗೆ ಭರವಸೆಯಿಂದ ಕರೆದುಕೊಂಡು ಹೋಗಬಹುದು. 2024ರಲ್ಲಿ ಈ ಕೆರೆ ರಾಮ್ಸರ್ ಪಟ್ಟಿಗೆ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಮೇಲೆ ಕೇಳುವವರೂ ಜಾಸ್ತಿ ಆಗಿದ್ದಾರೆ. ದಂಡೆಯ ಯಾವ ಕಡೆ ನಿಂತರೆ ಹಕ್ಕಿಗಳು ಬೆದರದೆ ಹತ್ತಿರ ಇಳಿಯುತ್ತವೆ ಅನ್ನುವುದನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ. ಎಲ್ಲರೂ ಅಲ್ಲೇ ನಿಂತರೆ ಅವು ಜಾಗ ಬಿಡುತ್ತವೆ.

ಊಟದ ಮನೆಯ ಗುರುತೂ ಕೇಳಬೇಡಿ. ಮೂರು ಮನೆ ಬದಲಿಸಿ ನಾಲ್ಕನೆಯದು ಸಿಕ್ಕಿತು. ಮೊದಲ ಮನೆಯವರು ಪಟ್ಟಣದವರು ಬರುತ್ತಾರೆ ಅಂತ ಪ್ರೀತಿಯಿಂದ ಪೂರಿ, ಪಲಾವ್ ಮಾಡಿಬಿಟ್ಟಿದ್ದರು. ಎರಡನೆಯವರು 12 ಜನಕ್ಕೆ ಆಗುವ ರೊಟ್ಟಿಯನ್ನು ಬೆಳಗ್ಗೆಯೇ ಬಡಿದು ಇಟ್ಟಿದ್ದರು. ಈಗಿನ ಅಕ್ಕನಿಗೆ ಮೊದಲೇ ಹೇಳಿದೆ: "ಅಕ್ಕಾರ, ನೀವು ದಿನಾ ಏನು ಉಣ್ತೀರಿ ಅದನ್ನ ಹಾಕ್ರಿ." ಎಣ್ಣೆಗಾಯಿ, ಮಡಕಿಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆನೆ ಮೊಸರು, ಹೊಲದಿಂದ ಕಿತ್ತ ಹಕ್ಕರಕಿ ಸೊಪ್ಪು, ಉಳ್ಳಾಗಡ್ಡಿ. ತಲೆಗೆ 180 ಕೊಡುತ್ತೇನೆ. ಚೌಕಾಸಿ ಮಾಡುವುದಿಲ್ಲ.

ನಿಜವಾಗಿ ಗಾಡಿ ತುಂಬಿದ್ದು ಸೀತನಿಯಿಂದ, ಅಂದರೆ ಸುಟ್ಟ ಎಳೆ ಜೋಳದಿಂದ. ಡಿಸೆಂಬರ್ ಕೊನೆಯಿಂದ ಜನವರಿವರೆಗೆ ಜೋಳ ಹಾಲುದೆನೆ ಆಗುತ್ತದೆ. ಹಕ್ಕಿಗಳ ಹೊತ್ತೂ ಅದೇ. ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಕಾಳು ಉದುರಿಸಿ, ಶೇಂಗಾ ಚಟ್ನಿ, ಬೆಲ್ಲದ ಜೊತೆ ಕೊಡುತ್ತಾರೆ. ಇದಕ್ಕೆ ತಲೆಗೆ 120. ತೊಂದರೆ ಏನೆಂದರೆ ಒಂದು ಹೊಲದ ಸೀತನಿ ಎಂಟು-ಹತ್ತು ದಿನ ಮಾತ್ರ. ಕಾಳು ಗಟ್ಟಿಯಾದರೆ ಮುಗಿಯಿತು. ಮೊದಲ ವರ್ಷ ಎರಡು ಟ್ರಿಪ್ ತಪ್ಪಿ, 3,000 ವಾಪಸ್ ಕೊಟ್ಟೆ. ಈಗ ಐದಾರು ವಾರ ಎಳೆಯುತ್ತೇನೆ. ಹೇಗೆ ಅನ್ನುವುದು ರೈತನಿಗೂ ನನಗೂ ಇರುವ ಮಾತು. ಸುಳಿವು ಬೇಕಾದರೆ, ಬಿತ್ತನೆ ಹೊತ್ತಿಗೇ ಹೋಗಿ ಕೂತು ಮಾತಾಡಿ.

ದುಡ್ಡಿನ ಮಾತು. 12 ಸೀಟಿನ ಟಿಟಿಯಲ್ಲಿ ನನ್ನನ್ನು ಬಿಟ್ಟು 11 ಜನ. ಸೀತನಿ ಇರುವಾಗ ತಲೆಗೆ 1,400, ಅಂದರೆ 15,400. ಗಾಡಿಗೆ ಎಲ್ಲ ಸೇರಿ 6,500, ನಾನು, ಡ್ರೈವರ್ ಸೇರಿ 13 ಊಟಕ್ಕೆ 2,340, ಸೀತನಿ 1,560, ನಾಷ್ಟಾ ಚಹಾ 900, ಚಿಲ್ಲರೆ ಖರ್ಚು 500. ಮೂರೂವರೆ ಸಾವಿರದ ಆಸುಪಾಸು ಉಳಿಯುತ್ತದೆ. ಎರಡು ಸೀಟು ಖಾಲಿ ಹೋದರೆ ದಿನದ ಕೂಲಿ ಅಷ್ಟೇ. ಅಗ್ಗ ಅಂತ ಬಿಳಿ ಬೋರ್ಡ್ ಗಾಡಿ (ಬಾಡಿಗೆ ಪರ್ಮಿಟ್ ಇಲ್ಲದ ಸ್ವಂತ ಗಾಡಿ) ಹತ್ತಿಸಬೇಡಿ. ಏನಾದರೂ ಆದರೆ ವಿಮೆ ಕೈಗೆ ಬರುವುದು ಕಷ್ಟ.

ಲಕ್ಕುಂಡಿಗೆ ನಾಲ್ಕಕ್ಕೆ ಮುಟ್ಟಬೇಕು, ಮೊದಲಲ್ಲ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥ, ಮುಸುಕಿನ ಬಾವಿ. ಇಷ್ಟೇ ಇಟ್ಟಿದ್ದೇನೆ. ಇಳಿಬಿಸಿಲು ಬಿದ್ದಾಗ ಕಾಶಿ ವಿಶ್ವನಾಥದ ಕಂಬಗಳು ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತವೆ. ಹೊಟ್ಟೆ ತುಂಬಿದ ಜನ ಅಲ್ಲಿ ಒಂದು ತಾಸು ಸುಮ್ನೆ ಕೂತಿರುತ್ತಾರೆ. ನಾನು ಮಾತಾಡುವುದೇ ಇಲ್ಲ.

ಬೇರೆ ಕೆಲವು ಪ್ರಯೋಗಗಳೂ ಆದವು. ಆಗಸ್ಟ್‌ನಲ್ಲಿ ಕಪ್ಪತಗುಡ್ಡ ಹಸಿರಾಗಿ, ಮೋಡ ಇಳಿದು ತುಂಬ ಚೆನ್ನಾಗಿರುತ್ತದೆ. ಚಾರಣಕ್ಕೆ ಅಂತ ಹೋದೆ. ಅರ್ಧ ತಾಸು ಮಳೆ ಬಿತ್ತು, ಎರೆ ಮಣ್ಣಿನಲ್ಲಿ ಗಾಡಿ ಅಚ್ಚಿನವರೆಗೆ ಹೂತಿತು. ಟ್ರ್ಯಾಕ್ಟರ್‌ನವನಿಗೆ 800 ಕೊಟ್ಟೆ. ಈಗ ಮಳೆಗಾಲದಲ್ಲಿ ಡಾಂಬರು ಬಿಟ್ಟು ಇಳಿಯುವುದಿಲ್ಲ. ಅದು ವನ್ಯಜೀವಿ ಧಾಮ, ಅರಣ್ಯ ಇಲಾಖೆಯನ್ನು ಕೇಳದೆ ಯಾರೂ ಒಳಗೆ ಹೋಗಬೇಡಿ. ಹಾವೇರಿ ಕಡೆ ಸವಣೂರಿನ ದೊಡ್ಡಹುಣಸೆ (ಬಾವೊಬಾಬ್) ಮರ, ಕುರುಕಲು ತಿಂಡಿ ಸವಣೂರು ಖಾರಾ, ಬಂಕಾಪುರ ಕೋಟೆಯ ನವಿಲು, ಅರವತ್ತು ಕಂಬದ ಗುಡಿ, ಇದು ಮಕ್ಕಳಿದ್ದವರಿಗೆ ಚೆನ್ನಾಗಿ ಕೂರುತ್ತದೆ. ಅದೇ ಉಮೇದಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ಸೇರಿಸಿದೆ. ಕೆಂಪು ರಾಶಿ ನೋಡಲು ಚೆಂದ, ಆದರೆ ಘಾಟಿಗೆ ಹತ್ತು ನಿಮಿಷದಲ್ಲಿ ಎಲ್ಲರೂ ಕೆಮ್ಮುತ್ತಾ ಗಾಡಿ ಹತ್ತಿದರು. ಅದನ್ನು ಕೈಬಿಟ್ಟೆ.

ಎಳ್ಳಮಾವಾಸ್ಯೆಗೂ ಒಮ್ಮೆ ಟ್ರಿಪ್ ಇಟ್ಟಿದ್ದೆ. ಹೊಲದಲ್ಲಿ ಚರಗ ಚೆಲ್ಲುವುದು (ಭೂಮಿತಾಯಿಗೆ ಅಡುಗೆಯ ನೈವೇದ್ಯ ಚೆಲ್ಲುವುದು) ನೋಡಲಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಣ್ಣಲಿ ಅಂತ. ಸಂಜೆ ರೈತನ ಕೈಗೆ ರೊಕ್ಕ ಇಟ್ಟರೆ ಆತ ಮುಟ್ಟಲಿಲ್ಲ. "ಇವತ್ತು ಭೂಮ್ತಾಯಿ ಊಟರೀ, ಇದಕ್ಕ ರೊಕ್ಕ ತಗೋಬಾರದು" ಅಂದ. ಬಂದವರಿಂದ ಗಾಡಿ ಬಾಡಿಗೆ ಮಾತ್ರ ಹಿಡಿದು, ಉಳಿದದ್ದನ್ನು ವಾಪಸ್ ಕೊಟ್ಟೆ. ಈಗ ಆ ದಿನ ಟ್ರಿಪ್ ಇಡುವುದಿಲ್ಲ. ಬುತ್ತಿ ಕಟ್ಟಿಕೊಂಡು, ಮನೆಯವರನ್ನೆಲ್ಲ ಕರೆದುಕೊಂಡು ಅದೇ ಹೊಲಕ್ಕೆ ಹೋಗುತ್ತೇನೆ.